ವಿಮಾನ ತೂಗಾಡುವುದು ಕೈಯ ದೋಷವೇ, ಜಾಯ್‌ಸ್ಟಿಕ್‌ನ ದೋಷವೇ?

ಪ್ರಶ್ನೆ: ನನಗೆ 41 ವರ್ಷ. ದಾವಣಗೆರೆಯಲ್ಲಿ ಬ್ಯಾಂಕ್ ಉದ್ಯೋಗಿ. 2025ರ ಸೆಪ್ಟೆಂಬರ್‌ನಲ್ಲಿ ವಾಯುಪಡೆ ಮಿಗ್-21 ವಿಮಾನಗಳನ್ನು ಬೀಳ್ಕೊಟ್ಟ ದೃಶ್ಯ ನೋಡಿದಾಗ ಚಿಕ್ಕಂದಿನ ಆಸೆ ಮತ್ತೆ ಚಿಗುರಿತು. ಕಂಪ್ಯೂಟರ್‌ಗೆ ಡಿಸಿಎಸ್ ವರ್ಲ್ಡ್ ಎಂಬ ವಿಮಾನ ಹಾರಾಟದ ಸಿಮ್ಯುಲೇಟರ್ ಹಾಕಿಕೊಂಡು, ಅದರಲ್ಲಿ ಮಿಗ್-21 ಬಿಸ್ ವಿಮಾನ ಖರೀದಿಸಿದೆ. ಒಬ್ಬರಿಂದ ಹಳೆಯ ಜಾಯ್‌ಸ್ಟಿಕ್, ಎರಡು ತಿಂಗಳ ನಂತರ ಇನ್ನೊಬ್ಬರಿಂದ ಬೇರೆ ಕಂಪನಿಯ ಥ್ರಾಟಲ್ (ಎಂಜಿನ್ ವೇಗವನ್ನು ಏರಿಸಿ ಇಳಿಸುವ ಸನ್ನೆ) ಕೊಂಡೆ. ಹಾಲ್‌ನ 43 ಇಂಚಿನ ಟಿವಿಗೆ ಜೋಡಿಸಿ, ಸೋಫಾದಲ್ಲಿ ಕುಳಿತು, ಎರಡನ್ನೂ ಟೀಪಾಯಿಯ ಮೇಲಿಟ್ಟು ಆಡುತ್ತೇನೆ. ಥ್ರಾಟಲ್ ಬಂದ ಮೇಲೆ ವಿಮಾನ ಸದಾ ಎಡಕ್ಕೆ ವಾಲುತ್ತಿದೆ. ಇಳಿಸುವಾಗ ಮೂಗು ಮೇಲೆ ಕೆಳಗೆ ತೂಗಾಡಿ, ಹತ್ತರಲ್ಲಿ ಎಂಟು ಸಲ ಅಪಘಾತವಾಗುತ್ತದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಭುಜ, ಮಣಿಕಟ್ಟು ನೋಯುತ್ತವೆ. ಅರವತ್ತು ಸಾವಿರದ ಸಾಮಗ್ರಿ ಇಲ್ಲದೆ ಇದಕ್ಕೆ ಕೈಹಾಕಲೇಬಾರದು ಎನ್ನುತ್ತಾನೆ ಒಬ್ಬ ಗೆಳೆಯ. ಮೌಸ್ ಇದ್ದರೆ ಸಾಕು ಎನ್ನುತ್ತಾನೆ ಇನ್ನೊಬ್ಬ. ನನ್ನ ಬಳಿ ಇರುವುದು 25,000 ರೂಪಾಯಿ. ಈ ವಯಸ್ಸಿನಲ್ಲಿ ನನ್ನ ಕೈಗೆ ಇದು ಒಗ್ಗುವುದಿಲ್ಲವೇ? ಮೊದಲು ಏನನ್ನು ಕೊಳ್ಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಕೇಳಿರುವುದು ಸಾಮಗ್ರಿಯ ಬಗ್ಗೆಯಾದರೂ, ಅದರ ಒಳಗಿರುವ ಚಿಂತೆ ನಿಮ್ಮ ಸಾಮರ್ಥ್ಯದ ಬಗ್ಗೆ. ಆದ್ದರಿಂದ ಅದನ್ನೇ ಮೊದಲು ಹೇಳಿಬಿಡುತ್ತೇನೆ. ಪೈಲಟ್ ತರಬೇತಿಯ ಸಿಮ್ಯುಲೇಟರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ನಾನು ಬಹಳ ವರ್ಷ ಇದ್ದೆ. ಕೋಲಿನ ಬಿಗಿತ, ಸೆನ್ಸರ್‌ನ ಹೊಂದಾಣಿಕೆ, ಪರದೆಯ ವಿಳಂಬ, ಈ ಮೂರರಲ್ಲಿ ಒಂದು ಕೆಟ್ಟರೂ ಸಾವಿರಾರು ಗಂಟೆ ಹಾರಿದ ಪೈಲಟ್‌ಗಳು ಸಹ ವಿಮಾನವನ್ನು ನೆಟ್ಟಗೆ ಹಿಡಿಯಲಾರದೆ ಒದ್ದಾಡಿದ್ದನ್ನು ಕಂಡಿದ್ದೇನೆ. ನೀವು ಬರೆದಿರುವ ಪ್ರಕಾರ ನಿಮ್ಮ ಮನೆಯಲ್ಲಿ ಈ ಮೂರೂ ಕೆಟ್ಟಿರಬಹುದು. ಅದಕ್ಕೆ ನಿಮ್ಮ ವಯಸ್ಸು ಕಾರಣವಲ್ಲ.

ಎಡಕ್ಕೆ ವಾಲುವ ತೊಂದರೆಯನ್ನು ಮೊದಲು ನೋಡೋಣ. ಅದು ಥ್ರಾಟಲ್ ಬಂದ ಮೇಲೆ ಶುರುವಾಯಿತು ಎಂದು ನೀವೇ ಬರೆದಿದ್ದೀರಿ. ನನಗೆ ಬೇಕಾದ ಸುಳಿವು ಅದೇ. ಡಿಸಿಎಸ್‌ನಲ್ಲಿ ಹೊಸ ಸಾಧನವೊಂದನ್ನು ಜೋಡಿಸಿದ ತಕ್ಷಣ, ಅದು ಪೆಡಲ್ ಆಗಿರಲಿ ಥ್ರಾಟಲ್ ಆಗಿರಲಿ, ಅದರ ಆಕ್ಸಿಸ್‌ಗಳಿಗೆ, ಅಂದರೆ ಅತ್ತಿತ್ತ ಚಲಿಸುವ ಒಂದೊಂದು ಭಾಗಕ್ಕೂ, ಮಗ್ಗುಲಾಗುವ (ರೋಲ್), ಮೂಗೆತ್ತುವ (ಪಿಚ್) ಕೆಲಸಗಳನ್ನು ತಂತ್ರಾಂಶವೇ ತನ್ನಷ್ಟಕ್ಕೆ ಹಂಚಿಬಿಡುತ್ತದೆ. ಹೀಗಾಗಿ ನಿಮ್ಮ ಜಾಯ್‌ಸ್ಟಿಕ್ ನಡುವಿನಲ್ಲಿ ಸುಮ್ಮನೆ ನಿಂತಿದ್ದರೂ, ಥ್ರಾಟಲ್‌ನ ಯಾವುದೋ ಸಣ್ಣ ಗುಂಡಿಯೋ ಜಾರುಕೀಲಿಯೋ ವಿಮಾನಕ್ಕೆ ‘ಎಡಕ್ಕೆ ತಿರುಗು’ ಎಂದು ಹೇಳುತ್ತಲೇ ಇರುತ್ತದೆ. ಕಂಟ್ರೋಲ್ ಪುಟದಲ್ಲಿ ಮಿಗ್-21 ಆಯ್ದು, ಆಕ್ಸಿಸ್‌ಗಳ ಪಟ್ಟಿ ತೆರೆದು, ರೋಲ್ ಮತ್ತು ಪಿಚ್ ಸಾಲುಗಳಲ್ಲಿ ಜಾಯ್‌ಸ್ಟಿಕ್‌ನ ಅಂಕಣ ಬಿಟ್ಟು ಉಳಿದೆಲ್ಲ ಅಂಕಣಗಳನ್ನು ಅಳಿಸಿ. ನಂತರ ಹಾರಾಟದ ನಡುವೆ ಬಲಗಡೆಯ ಕಂಟ್ರೋಲ್ ಕೀಲಿಯ ಜೊತೆ ಎಂಟರ್ ಒತ್ತಿದರೆ ನಿಯಂತ್ರಣಗಳ ಸ್ಥಿತಿಯನ್ನು ತೋರಿಸುವ ಪುಟ್ಟ ಚೌಕ ಪರದೆಯ ಮೂಲೆಯಲ್ಲಿ ಕಾಣಿಸುತ್ತದೆ. ಕೋಲಿನಿಂದ ಕೈ ತೆಗೆದಾಗ ಅದರೊಳಗಿನ ಗುರುತು ನಡುವಿನಲ್ಲಿ ನಿಲ್ಲಬೇಕು. ನಿಂತರೆ ತೊಂದರೆ ಮುಗಿಯಿತು, ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ನಿಲ್ಲದಿದ್ದರೆ ದೋಷ ಜಾಯ್‌ಸ್ಟಿಕ್‌ನ ಒಳಗಿದೆ. ಹಳೆಯ ಹಾಗೂ ಅಗ್ಗದ ಜಾಯ್‌ಸ್ಟಿಕ್‌ಗಳಲ್ಲಿ ಕೋಲಿನ ಸ್ಥಾನವನ್ನು ಅಳೆಯುವುದು ಪೊಟೆನ್ಶಿಯೋಮೀಟರ್; ರೇಡಿಯೊದ ವಾಲ್ಯೂಮ್ ಗುಂಡಿಯೊಳಗೆ ಇರುವಂಥದ್ದೇ. ಇಂಗಾಲದ ಪಟ್ಟಿಯೊಂದರ ಮೇಲೆ ಲೋಹದ ನಾಲಗೆ ಉಜ್ಜುತ್ತಾ ಸಾಗುತ್ತದೆ. ಕೋಲು ಹೆಚ್ಚು ಹೊತ್ತು ಇರುವುದು ನಡುವಿನಲ್ಲೇ ಆದ್ದರಿಂದ ಪಟ್ಟಿ ಸವೆಯುವುದೂ ಅಲ್ಲೇ, ಅಂದರೆ ನಮಗೆ ಅತಿ ಹೆಚ್ಚು ನಿಖರತೆ ಬೇಕಾದ ಜಾಗದಲ್ಲೇ. ವಿಂಡೋಸ್‌ನಲ್ಲಿ ಜಾಯ್ ಡಾಟ್ ಸಿಪಿಎಲ್ (joy.cpl) ಎಂದು ಬರೆದು ತೆರೆಯುವ ಕಿಟಕಿಯಲ್ಲಿ ಕೋಲನ್ನು ಬಹಳ ನಿಧಾನವಾಗಿ ಅತ್ತಿಂದಿತ್ತ ಸರಿಸಿ ನೋಡಿ. ಗುರುತು ನುಣ್ಣಗೆ ಚಲಿಸದೆ ಅಲ್ಲಲ್ಲಿ ಹಾರಿ ಬಿದ್ದರೆ ಪಟ್ಟಿ ಸವೆದಿದೆ ಅಥವಾ ಧೂಳು ಕೂತಿದೆ ಎಂದು ತಿಳಿಯಿರಿ. ಧೂಳಾದರೆ ಎಲೆಕ್ಟ್ರಾನಿಕ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದಾಗ ಕೆಲವು ತಿಂಗಳು ಸುಧಾರಿಸುತ್ತದೆ. ಸವೆದಿದ್ದರೆ ಬಿಡಿಭಾಗ ಬದಲಿಸಲೇಬೇಕು. ಸಾಫ್ಟ್‌ವೇರ್‌ನಲ್ಲಿ ಡೆಡ್ ಝೋನ್ (ನಡುವಿನ ಸುತ್ತ ಕೋಲಿನ ಚಲನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಜಾಗ) ಹಿಗ್ಗಿಸಿ ದೋಷವನ್ನು ಮುಚ್ಚುವುದು ಪರಿಹಾರವಲ್ಲ. ಎರಡು ಮೂರು ಅಂಕಗಳಷ್ಟು ಪರವಾಗಿಲ್ಲ; ಹತ್ತು ಇಡಬೇಕಾಗಿ ಬಂದರೆ ಆ ಕೋಲಿಗೆ ವಿಶ್ರಾಂತಿ ಕೊಡುವ ಕಾಲ ಬಂದಿದೆ.

ಇನ್ನು ಇಳಿಯುವಾಗಿನ ತೂಗಾಟ. ಇದನ್ನು ಸ್ವಲ್ಪ ವಿಸ್ತಾರವಾಗಿ ವಿವರಿಸಬೇಕು, ಏಕೆಂದರೆ ಕೊಳ್ಳುವ ನಿರ್ಧಾರವೆಲ್ಲ ಇದರ ಮೇಲೆಯೇ ನಿಂತಿದೆ. ಮೂಗು ಕೆಳಗಿಳಿಯಿತೆಂದು ನೀವು ಕೋಲನ್ನು ಎಳೆಯುತ್ತೀರಿ, ಪರಿಣಾಮ ಕಣ್ಣಿಗೆ ಕಾಣುವುದು ತಡವಾಗುತ್ತದೆ, ಸಾಲದೆಂದು ಇನ್ನಷ್ಟು ಎಳೆಯುತ್ತೀರಿ, ಆಗ ಎರಡೂ ಎಳೆತಗಳ ಫಲ ಒಟ್ಟಿಗೆ ಬಂದು ಮೂಗು ಮೇಲೇಳುತ್ತದೆ, ಗಾಬರಿಯಿಂದ ತಳ್ಳುತ್ತೀರಿ. ಪೈಲಟ್ ತಿದ್ದಲು ಹೋದಷ್ಟೂ ತೂಗಾಟ ಹೆಚ್ಚುವ ಈ ಸ್ಥಿತಿ ನಿಜವಾದ ವಿಮಾನಗಳನ್ನೂ ಬಿಟ್ಟಿಲ್ಲ. 1974ರ ಜನವರಿ 20ರಂದು ಅಮೆರಿಕದ ಎಡ್ವರ್ಡ್ಸ್ ವಾಯುನೆಲೆಯಲ್ಲಿ ಎಫ್-16ರ ಮೂಲಮಾದರಿಯಾದ ವೈಎಫ್-16 ವಿಮಾನವನ್ನು ರನ್‌ವೇ ಮೇಲೆ ವೇಗವಾಗಿ ಓಡಿಸಿ ಪರೀಕ್ಷಿಸುತ್ತಿದ್ದಾಗ ಅದು ಎಡಬಲಕ್ಕೆ ಜೋರಾಗಿ ತೂಗಾಡತೊಡಗಿತು. ನೆಲದ ಮೇಲೆಯೇ ಇದ್ದರೆ ವಿಮಾನ ಉಳಿಯುವುದಿಲ್ಲವೆಂದು ಕಂಡ ಪರೀಕ್ಷಾ ಪೈಲಟ್ ಫಿಲ್ ಓಸ್ಟ್ರಿಕರ್ ಅಂದು ಹಾರುವ ಯೋಜನೆಯೇ ಇಲ್ಲದಿದ್ದರೂ ಅದನ್ನು ಮೇಲಕ್ಕೇರಿಸಿ, ಸುಮಾರು ಆರು ನಿಮಿಷ ಹಾರಿ, ಕ್ಷೇಮವಾಗಿ ಇಳಿಸಿದರು. ಆ ವಿಮಾನದ ಕೋಲು ಅಲುಗಾಡುತ್ತಲೇ ಇರಲಿಲ್ಲ, ಕೈ ಒತ್ತುವ ಬಲವನ್ನಷ್ಟೇ ಅಳೆಯುತ್ತಿತ್ತು. ಜೊತೆಗೆ ಆ ಒತ್ತಡಕ್ಕೆ ವಿಮಾನ ತೋರುವ ಪ್ರತಿಕ್ರಿಯೆಯನ್ನು ಅತಿ ಚುರುಕಾಗಿ ಇಡಲಾಗಿತ್ತು. ಪೈಲಟ್‌ನನ್ನು ಬದಲಿಸಲಿಲ್ಲ, ಆ ಚುರುಕನ್ನು ತಗ್ಗಿಸಿದರು, ಮುಂದೆ ಕೋಲಿಗೂ ತುಸು ಅಲುಗಾಟ ಕೊಟ್ಟರು. ನಮ್ಮ ತೇಜಸ್ 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರುವ ಮುನ್ನ ಅದರ ನಿಯಂತ್ರಣ ನಿಯಮಗಳನ್ನು, ಅಂದರೆ ಕೋಲಿನ ಚಲನೆಗೆ ವಿಮಾನ ಹೇಗೆ ಪ್ರತಿಕ್ರಿಯಿಸಬೇಕೆಂಬ ಲೆಕ್ಕಾಚಾರವನ್ನು, ನೆಲದ ಮೇಲಿನ ಸಿಮ್ಯುಲೇಟರ್‌ಗಳಲ್ಲಿ ಮತ್ತೆ ಮತ್ತೆ ಪರೀಕ್ಷಿಸಿದ್ದರ ಉದ್ದೇಶಗಳಲ್ಲಿ ಇಂಥ ತೂಗಾಟವನ್ನು ತಪ್ಪಿಸುವುದೂ ಒಂದು.

ನಿಮ್ಮಲ್ಲಿ ಈ ವಿಳಂಬ ಎಲ್ಲಿಂದ ಬರುತ್ತಿದೆ? ಹೆಚ್ಚಿನ ಪಾಲು ಟಿವಿಯಿಂದ. ಸಿನಿಮಾ ಚಂದ ಕಾಣಲೆಂದು ಟಿವಿ ಪ್ರತಿಯೊಂದು ಚಿತ್ರವನ್ನೂ ಸಂಸ್ಕರಿಸಿ ತೋರಿಸುತ್ತದೆ. ಅದಕ್ಕೆ ಹಲವು ಮಿಲಿಸೆಕೆಂಡುಗಳು ಬೇಕು. ನಿಮ್ಮ ಕಂಪ್ಯೂಟರ್ ಸೆಕೆಂಡಿಗೆ 30 ಚಿತ್ರಗಳನ್ನಷ್ಟೇ ಕೊಡುತ್ತಿದ್ದರೆ ಒಂದೊಂದು ಚಿತ್ರಕ್ಕೂ 33 ಮಿಲಿಸೆಕೆಂಡು ಹಿಡಿಯುತ್ತದೆ. ಇದೆಲ್ಲ ಕೂಡುತ್ತಾ ಹೋಗುತ್ತದೆ. ಪೈಲಟ್ ತರಬೇತಿಯ ಉನ್ನತ ದರ್ಜೆಯ ಸಿಮ್ಯುಲೇಟರ್‌ಗಳಲ್ಲಿ ಈ ವಿಳಂಬ 150 ಮಿಲಿಸೆಕೆಂಡು ಮೀರಬಾರದೆಂಬ ಮಿತಿ ದೀರ್ಘ ಕಾಲ ಇತ್ತು, ಈಚೆಗೆ ಅದು ಇನ್ನೂ ಬಿಗಿಯಾಗಿದೆ. ಟಿವಿಯ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಇದ್ದರೆ ಈ ಸಂಜೆಯೇ ಅದನ್ನು ಹಾಕಿ. ಸಿಮ್ಯುಲೇಟರ್‌ನಲ್ಲಿ ನೆರಳು, ಮೋಡ ಮುಂತಾದವುಗಳ ಗುಣಮಟ್ಟವನ್ನು ತಗ್ಗಿಸಿ ಚಿತ್ರಗಳ ವೇಗ ಹೆಚ್ಚಿಸಿ. ಚಂದದ ಮೋಡಕ್ಕಿಂತ ನಿಮ್ಮ ಕೈಗೆ ತಕ್ಷಣ ಉತ್ತರಿಸುವ ವಿಮಾನವೇ ಹೆಚ್ಚು ನೈಜ ಎಂಬುದು ನನ್ನ ಖಚಿತ ಅಭಿಪ್ರಾಯ.

ತೂಗಾಟದ ಎರಡನೆಯ ಕಾರಣ ಕೋಲಿನ ಉದ್ದ. ಮೇಜಿನ ಮೇಲಿಡುವ ಜಾಯ್‌ಸ್ಟಿಕ್‌ನಲ್ಲಿ ಕೀಲಿನಿಂದ ಕೈಯವರೆಗೆ 10 ಸೆಂಟಿಮೀಟರ್ ಇದ್ದು, ಅದು ಪ್ರತಿ ಬದಿಗೆ 20 ಡಿಗ್ರಿ ವಾಲುತ್ತದೆ ಎಂದುಕೊಳ್ಳಿ. ಆಗ ಕೈಗೆ ಸಿಗುವ ಹಾದಿ ಸುಮಾರು 3.4 ಸೆಂಟಿಮೀಟರ್. ನಮ್ಮ ಕೈ ಒಂದು ಮಿಲಿಮೀಟರ್ ನಡುಗಿದರೂ ಅದು ಪೂರ್ಣ ಚಲನೆಯ ಶೇ. 3ರಷ್ಟಾಯಿತು. ಅದೇ ಉದ್ದ 25 ಸೆಂಟಿಮೀಟರ್ ಆದರೆ ಹಾದಿ 8.5 ಸೆಂಟಿಮೀಟರ್‌ಗೆ ಏರುತ್ತದೆ, ನಡುಕದ ಪಾಲು ಶೇ. 1.2ಕ್ಕೆ ಇಳಿಯುತ್ತದೆ. ಗೇಮ್‌ಪ್ಯಾಡ್‌ನ ಹೆಬ್ಬೆರಳ ಗುಂಡಿಗೆ ಸಿಗುವುದು ಒಂದು ಸೆಂಟಿಮೀಟರ್‌ನ ಆಸುಪಾಸು, ಅಲ್ಲಿ ಅದೇ ನಡುಕ ಶೇ. 10. ಮಿಗ್-21ರಲ್ಲಿ ಪೈಲಟ್‌ನ ಎರಡು ಮೊಣಕಾಲುಗಳ ನಡುವೆ ಉದ್ದನೆಯ ಕೋಲು ಇರುವುದರ ಫಲ ನಿಮಗೆ ಈಗ ಅರ್ಥವಾಗಿರಬೇಕು.

ಇದಕ್ಕೆ ಹಲವರು ಸೂಚಿಸುವ ಉಪಾಯ ಕರ್ವ್, ಅಂದರೆ ನಡುಭಾಗದಲ್ಲಿ ಪ್ರತಿಕ್ರಿಯೆಯನ್ನು ಮೃದುಗೊಳಿಸುವ ಸೆಟ್ಟಿಂಗ್. ಚಿಕ್ಕ ಕೋಲಿಗೆ 10ರಿಂದ 20ರವರೆಗೆ ಇಟ್ಟರೆ ನಿಜಕ್ಕೂ ಅನುಕೂಲವಾಗುತ್ತದೆ. ಆದರೆ ನಡುವಿನಲ್ಲಿ ಸಿಕ್ಕ ಮೃದುತ್ವವನ್ನು ಅಂಚಿನಿಂದ ಸಾಲ ತಂದಿರುತ್ತೀರಿ. ನಡುವಿನಿಂದ ದೂರ ಹೋದಷ್ಟೂ ವಿಮಾನ ಹೆಚ್ಚು ಚುರುಕಾಗುತ್ತದೆ. ಇಳಿಯುವಾಗ ಕೋಲನ್ನು ಹಿಂದಕ್ಕೆ ಎಳೆದು ಹಿಡಿದಿರುತ್ತೀರಲ್ಲ, ಅಲ್ಲಿ 40ರ ಕರ್ವ್ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ. ಹಾಗಾಗಿ ಟ್ರಿಮ್ (ಕೋಲನ್ನು ಹಿಡಿದೇ ಇರದಿದ್ದರೂ ಮೂಗು ಬೇಕಾದಲ್ಲಿ ನಿಲ್ಲುವಂತೆ ಹೊಂದಿಸುವ ವ್ಯವಸ್ಥೆ) ಬಳಸಿ, ಕೋಲು ಸಾಧ್ಯವಾದಷ್ಟು ನಡುವಿನಲ್ಲೇ ಇರುವಂತೆ ನೋಡಿಕೊಳ್ಳಿ.

ಮೂರನೆಯ ಕಾರಣ ಮಿಗ್-21ರ ಸ್ವಭಾವ. ಅದು ನೆಲ ಮುಟ್ಟುವ ವೇಗವೇ ಗಂಟೆಗೆ ಸುಮಾರು 300 ಕಿ.ಮೀ. ಬಿಸ್ ಮಾದರಿಯಲ್ಲಿ ಎಂಜಿನ್‌ನ ಗಾಳಿಯನ್ನು ಫ್ಲ್ಯಾಪ್‌ಗಳ (ಇಳಿಯುವಾಗ ಕೆಳಗೆ ಬಾಗುವ ರೆಕ್ಕೆಯ ಹಿಂಭಾಗದ ಪಟ್ಟಿಗಳ) ಮೇಲೆ ಹಾಯಿಸಿ ಎತ್ತುವ ಬಲವನ್ನು ಹೆಚ್ಚಿಸುವ ವ್ಯವಸ್ಥೆಯಿದೆ. ಥ್ರಾಟಲ್ ಅನ್ನು ಒಮ್ಮೆಲೇ ಹಿಂದಕ್ಕೆ ಎಳೆದರೆ ಆ ಗಾಳಿಯೂ ಕಡಿಮೆಯಾಗಿ ವಿಮಾನ ಕುಸಿಯುತ್ತದೆ. ಅದನ್ನು ಕೋಲಿನಿಂದ ತಡೆಯಲು ಹೋದಾಗ ತೂಗಾಟ ಶುರುವಾಗುತ್ತದೆ. ನಿಮ್ಮ ಹತ್ತರಲ್ಲಿ ಎಂಟು ಅಪಘಾತಗಳಲ್ಲಿ ಕೆಲವಾದರೂ ಥ್ರಾಟಲ್ ಹಿಡಿದ ಎಡಗೈಯಿಂದ ಆದವು ಎಂಬುದು ನನ್ನ ಊಹೆ. ಚಕ್ರಗಳು ನೆಲ ಮುಟ್ಟುವವರೆಗೂ ಎಂಜಿನ್ ವೇಗವನ್ನು ಪೂರ್ತಿ ಇಳಿಸಬೇಡಿ.

ಈಗ ನಿಮ್ಮ ಗೆಳೆಯರ ಮಾತುಗಳು. ಮೌಸ್ ಸಾಕು ಎಂದವರು ಬಹುಶಃ ವಾರ್ ಥಂಡರ್‌ನಂಥ ಆಟವನ್ನು ಮನಸ್ಸಿನಲ್ಲಿಟ್ಟು ಹೇಳಿರಬಹುದು. ಅಲ್ಲಿ ಮೌಸ್‌ನಿಂದ ನೀವು ದಿಕ್ಕನ್ನು ತೋರಿಸಿದರೆ ಸಾಕು, ರೆಕ್ಕೆ ಬಾಲಗಳನ್ನು ಹೇಗೆ ತಿರುಗಿಸಬೇಕೆಂದು ತಂತ್ರಾಂಶವೇ ಲೆಕ್ಕ ಹಾಕುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ಯುದ್ಧತಂತ್ರವನ್ನು ಕಲಿಯಲು ಅದು ಒಳ್ಳೆಯ ದಾರಿಯೇ. ಆದರೆ ನೀವು ಬಯಸುತ್ತಿರುವುದು ಮಿಗ್-21 ಅನ್ನು ಕೈಯಲ್ಲಿ ಹಿಡಿದು ಹಾರಿಸುವ ಅನುಭವ. ಅದು ಮೌಸ್‌ನಲ್ಲಿ ಸಿಗುವುದಿಲ್ಲ. ಅರವತ್ತು ಸಾವಿರ ಎಂದವರ ಮಾತಿನಲ್ಲೂ ಅರ್ಧ ಸತ್ಯವಿದೆ. ದುಬಾರಿ ಸಾಮಗ್ರಿಯ ಕೀಲು ಗಟ್ಟಿ, ಬಾಳಿಕೆ ಹೆಚ್ಚು. ಆದರೆ ಹಣದ ದೊಡ್ಡ ಭಾಗ ಹೋಗುವುದು ಲೋಹದ ಮೈಗೆ, ಸ್ವಿಚ್‌ಗಳ ಸಂಖ್ಯೆಗೆ ಮತ್ತು ಯಾವುದೋ ಒಂದು ವಿಮಾನದ ಹಿಡಿಕೆಯ ತದ್ರೂಪಕ್ಕೆ. ಥ್ರಸ್ಟ್‌ಮಾಸ್ಟರ್ ವಾರ್ಟ್‌ಹಾಗ್ ಹೆಸರುವಾಸಿ ಸಾಧನ. ಅದು ಎ-10 ಸಿ ವಿಮಾನದ ಹಿಡಿಕೆಯ ಪ್ರತಿರೂಪ. ಎಫ್-16 ಅಥವಾ ಎಫ್/ಎ-18 ಹಾರಿಸುವವರಿಗೆ ಅದರ ಹ್ಯಾಟ್ ಸ್ವಿಚ್‌ಗಳೆಲ್ಲ (ಹೆಬ್ಬೆರಳಿನಿಂದ ನಾಲ್ಕೂ ದಿಕ್ಕಿಗೆ ತಳ್ಳುವ ಗುಂಡಿಗಳು) ಬೇಕು, ಏಕೆಂದರೆ ಆ ವಿಮಾನಗಳಲ್ಲಿ ರೇಡಾರ್‌ನಿಂದ ಹಿಡಿದು ಕ್ಷಿಪಣಿಯವರೆಗೆ ಎಲ್ಲವನ್ನೂ ಕೋಲು ಮತ್ತು ಥ್ರಾಟಲ್‌ನಿಂದ ಕೈ ತೆಗೆಯದೆ ನಡೆಸಲಾಗುತ್ತದೆ. ಮಿಗ್-21 ಹಿಂದಿನ ತಲೆಮಾರಿನದು; ಅದರ ಬಹುಪಾಲು ಸ್ವಿಚ್‌ಗಳು ಇರುವುದು ಫಲಕಗಳ ಮೇಲೆ. ನಿಮ್ಮ ವಿಮಾನಕ್ಕೆ ಟ್ರಿಮ್‌ಗೆ ಒಂದು ಹ್ಯಾಟ್, ಟ್ರಿಗರ್, ಬ್ರೇಕ್‌ಗೆ ಒಂದು ಗುಂಡಿ ಹಾಗೂ ಇನ್ನು ಮೂರ್ನಾಲ್ಕು ಗುಂಡಿಗಳಿದ್ದರೆ ಸಾಕು. ಅದಕ್ಕೆ ತಪ್ಪದೆ ಬೇಕಾದದ್ದು ರಡ್ಡರ್, ಅಂದರೆ ಮೂಗನ್ನು ಎಡಬಲಕ್ಕೆ ತಿರುಗಿಸಲು ಕಾಲಿನ ಪೆಡಲ್‌ಗಳಿಂದ ನಡೆಸುವ ಬಾಲದ ಚುಕ್ಕಾಣಿ. ಮಿಗ್-21ರ ಮೂಗಿನ ಚಕ್ರವನ್ನು ಪೈಲಟ್ ತಿರುಗಿಸಲಾರ. ಕೋಲಿನ ಮೇಲಿನ ಬ್ರೇಕ್ ಹಿಡಿಯನ್ನು ಒತ್ತಿ, ಪೆಡಲ್ ತುಳಿದಾಗ ಒಂದು ಬದಿಯ ಬ್ರೇಕ್ ಹೆಚ್ಚು ಹಿಡಿದು ವಿಮಾನ ಆ ಕಡೆ ತಿರುಗುತ್ತದೆ. ರಡ್ಡರ್‌ಗೆ ಆಕ್ಸಿಸ್ ಇಲ್ಲದೆ ರನ್‌ವೇವರೆಗೆ ನೆಟ್ಟಗೆ ಹೋಗುವುದೇ ಕಷ್ಟ.

ಇನ್ನೊಂದು ಮಾತು ನಿಮಗೆ ಸಂತೋಷ ಕೊಡಬಹುದು. ಸ್ಪ್ರಿಂಗ್ ಇರುವ ಜಾಯ್‌ಸ್ಟಿಕ್ ನೈಜವಲ್ಲ ಎಂದು ಹೇಳುವವರಿದ್ದಾರೆ. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್‌ಗೆ ಆ ಮಾತು ಸಲ್ಲುತ್ತದೆ. ಅದರ ಕೋಲಿನಲ್ಲಿ ಕೈಗೆ ತಾಗುವ ಬಲ ಗಾಳಿಯಿಂದಲೇ ತಂತಿಗಳ ಮೂಲಕ ಬರುತ್ತದೆ.  ಮಿಗ್-21ರಲ್ಲಿ ಬಾಲವನ್ನು ತಿರುಗಿಸುವುದು ಹೈಡ್ರಾಲಿಕ್ ಶಕ್ತಿ. ಪೈಲಟ್‌ನ ಕೈಗೆ ಬಿಗಿತ ತಿಳಿಯಲೆಂದು ಅಲ್ಲಿ ಸ್ಪ್ರಿಂಗ್‌ಗಳನ್ನೇ ಇಟ್ಟಿದ್ದಾರೆ. ಅಂದರೆ ನಿಮ್ಮ ಮನೆಯ ಸ್ಪ್ರಿಂಗ್ ಕೋಲು ತತ್ವದಲ್ಲಿ ನಿಜವಾದ ವಿಮಾನಕ್ಕೆ ಹತ್ತಿರವೇ ಇದೆ.

ಹಾಗಾದರೆ ಹಣವನ್ನು ಎಲ್ಲಿ ಹಾಕಬೇಕು? ಜಾಯ್‌ಸ್ಟಿಕ್‌ಗಿಂತ ಮೊದಲು ಅದನ್ನು ಇಡುವ ಜಾಗಕ್ಕೆ. ನಿಮ್ಮ ಭುಜದ ನೋವಿಗೆ ಕಾರಣ ಸೋಫಾದಿಂದ ಮುಂದೆ ಬಾಗಿ ಟೀಪಾಯಿಗೆ ಕೈಚಾಚುವುದು. ಚಕ್ರಗಳಿಲ್ಲದ ಗಟ್ಟಿ ಕುರ್ಚಿ ತೆಗೆದುಕೊಳ್ಳಿ. ಬಡಗಿಯಿಂದ ಒಂದು ದಪ್ಪ ಪ್ಲೈವುಡ್ ಹಲಗೆ ಮಾಡಿಸಿ, ಅದರ ಒಂದು ತುದಿಯನ್ನು ಕುಳಿತಾಗ ತೊಡೆಯ ಕೆಳಗೆ ಬರುವಂತೆ ಇಟ್ಟು, ಮೊಣಕಾಲುಗಳ ನಡುವೆ ಚಾಚಿಕೊಂಡ ಇನ್ನೊಂದು ತುದಿಗೆ ಜಾಯ್‌ಸ್ಟಿಕ್ಕನ್ನು ಸ್ಕ್ರೂ ಹಾಕಿ ಬಿಗಿಯಿರಿ. ಮುಂಗೈ ತೊಡೆಯ ಮೇಲೆ ಒರಗಬೇಕು, ಮೊಣಕೈ ಮೈಗೆ ಹತ್ತಿರವಿರಬೇಕು. ಕೋಲು ಅಲುಗದೆ ನಿಂತಾಗ ಅದನ್ನು ಅಮುಕಿ ಹಿಡಿಯುವ ಅಭ್ಯಾಸ ತಾನಾಗಿಯೇ ಬಿಡುತ್ತದೆ, ಮಣಿಕಟ್ಟಿನ ನೋವೂ ಸಾಮಾನ್ಯವಾಗಿ ಇಳಿಯುತ್ತದೆ. ಈ ಬದಲಾವಣೆಯ ನಂತರವೂ ಬೆರಳುಗಳಲ್ಲಿ ಜುಮ್ಮೆನ್ನುವುದು ಅಥವಾ ಮರಗಟ್ಟುವುದು ಕಂಡರೆ ಆಟ ನಿಲ್ಲಿಸಿ ವೈದ್ಯರನ್ನು ಕಾಣಿರಿ.

ಹಳೆಯ ಕೋಲು ಸವೆದಿದ್ದರೆ, ಸಂಪರ್ಕವಿಲ್ಲದೆ ಆಯಸ್ಕಾಂತದಿಂದ ಸ್ಥಾನವನ್ನು ಅಳೆಯುವ ಹಾಲ್ ಸೆನ್ಸರ್ ಅಥವಾ ಅದೇ ಬಗೆಯ ಸೆನ್ಸರ್ ಇರುವ ಕೋಲನ್ನು ಆರಿಸಿ. ಉಜ್ಜುವ ಭಾಗವೇ ಇಲ್ಲವಾದ್ದರಿಂದ ಅದು ಸವೆಯುವುದಿಲ್ಲ. ಥ್ರಸ್ಟ್‌ಮಾಸ್ಟರ್ ಟಿ.16000ಎಂ ಮತ್ತು ವಿಕೆಬಿ ಗ್ಲಾಡಿಯೇಟರ್ ಈ ವರ್ಗದ ಎರಡು ಹೆಸರುಗಳು. ಮೊದಲನೆಯದನ್ನು ಎಡಗೈಯವರೂ ಬಳಸಬಹುದು. ಆದರೆ ಅದರಲ್ಲಿ ಹಿಡಿಕೆ ತಿರುಚುವ ಆಕ್ಸಿಸ್‌ಗೆ ಇರುವುದು ಹಳೆಯ ಪೊಟೆನ್ಶಿಯೋಮೀಟರ್, ಅದು ಕಾಲಕ್ರಮೇಣ ಸವೆಯುತ್ತದೆ. ಎರಡನೆಯದರ ಕೀಲು ನನಗೆ ಹೆಚ್ಚು ಮೆಚ್ಚುಗೆಯಾಗಿದೆ. ಹೊರದೇಶದಿಂದ ನೇರವಾಗಿ ತರಿಸುವುದಾದರೆ ಸುಂಕ ಮತ್ತು ಸಾಗಣೆಯ ವೆಚ್ಚವನ್ನು ಮೊದಲೇ ಕೇಳಿ ತಿಳಿಯಿರಿ. ವಾರಂಟಿಗಾಗಿ ವಾಪಸ್ ಕಳಿಸುವ ಖರ್ಚನ್ನು ಯಾರು ಭರಿಸುತ್ತಾರೆ ಎಂಬುದನ್ನೂ ಬರಹದಲ್ಲಿ ಪಡೆಯಿರಿ. ಪೆಟ್ಟಿಗೆಯ ಮೇಲೆ ಮುದ್ರಿಸಿದ ‘16 ಬಿಟ್’ ಎಂಬ ಹೆಗ್ಗಳಿಕೆಗೆ ಮರುಳಾಗಬೇಡಿ. 10 ಬಿಟ್ ಸೆನ್ಸರ್ ಕೂಡ ಕೋಲಿನ ಹಾದಿಯನ್ನು 1,024 ಹೆಜ್ಜೆಗಳಾಗಿ ಒಡೆಯುತ್ತದೆ, ನಮ್ಮ ಕೈಯ ನಡುಕ ಅದಕ್ಕಿಂತ ಒರಟು. ಕೋಲಿನ ನಡುವಿನಲ್ಲಿ ಸಡಿಲಿಕೆ ಇದೆಯೇ ಎಂಬುದನ್ನೇ ನೋಡಬೇಕು.

ಹಿಡಿಕೆಯನ್ನು ತಿರುಚಿ ರಡ್ಡರ್ ಕೊಡುವುದು ಅಗ್ಗದ ದಾರಿ, ಜಾಗವೂ ಉಳಿಯುತ್ತದೆ. ಆದರೆ ತಿರುಚುವಾಗ ಅರಿವಿಲ್ಲದೆ ಕೋಲೂ ಪಕ್ಕಕ್ಕೆ ಸರಿಯುತ್ತದೆ, ಮಣಿಕಟ್ಟಿಗೂ ಶ್ರಮ. ನಿಮಗೆ ಈಗಾಗಲೇ ನೋವಿರುವುದರಿಂದ, ಹಳೆಯ ಕೋಲಿನ ಸೆನ್ಸರ್ ಚೆನ್ನಾಗಿದೆ ಎಂದು ಪರೀಕ್ಷೆಯಲ್ಲಿ ಗೊತ್ತಾದರೆ ಹೊಸ ಕೋಲನ್ನು ಕೊಳ್ಳದೆ ಹಣವನ್ನು ಪೆಡಲ್‌ಗಳಿಗೆ ಹಾಕಿ. ಪೆಡಲ್ ತುಳಿದಾಗ ನುಣುಪಾದ ನೆಲದ ಮೇಲೆ ಅದು ಮುಂದಕ್ಕೂ ಕುರ್ಚಿ ಹಿಂದಕ್ಕೂ ಜಾರುತ್ತವೆ; ಎರಡನ್ನೂ ಒಂದು ಗಟ್ಟಿ ಪಟ್ಟಿಯಿಂದ ಕಟ್ಟಿಬಿಡಿ. ಈಗಿರುವ ಥ್ರಾಟಲ್ ಅನ್ನು ಬದಲಿಸುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಅದರ ಸನ್ನೆ ನುಣ್ಣಗೆ ಸರಿದರೆ ಸಾಕು.

ಥ್ರಾಟಲ್‌ಗಿಂತ ಬಹಳ ಮೊದಲು ಬೇಕಾದದ್ದು ತಲೆಯ ಚಲನೆಯನ್ನು ಗುರುತಿಸುವ ವ್ಯವಸ್ಥೆ. ವಾಯುಯುದ್ಧದಲ್ಲಿ ವೈರಿ ವಿಮಾನವನ್ನು ಕಣ್ಣಿನಿಂದ ಬಿಡದೆ ಹಿಂಬಾಲಿಸಬೇಕು; ಮಿಗ್-21ರಲ್ಲಿ ಹಿಂಬದಿಯ ನೋಟ ಮೊದಲೇ ಕಡಿಮೆ. ಹೆಬ್ಬೆರಳಿನಿಂದ ನೋಟ ತಿರುಗಿಸುತ್ತಾ ಅದೇ ಕೈಯಿಂದ ವಿಮಾನ ಹಾರಿಸುವುದು ಯಾರಿಗೂ ಸುಲಭವಲ್ಲ. ಓಪನ್‌ಟ್ರ್ಯಾಕ್ ಎಂಬ ಉಚಿತ ತಂತ್ರಾಂಶ ಸಾಧಾರಣ ವೆಬ್‌ಕ್ಯಾಮ್‌ನಿಂದಲೇ ಈ ಕೆಲಸ ಮಾಡುತ್ತದೆ. ಕೋಣೆಯಲ್ಲಿ ಮುಖದ ಮೇಲೆ ಸಮನಾದ ಬೆಳಕಿರಬೇಕು, ಸ್ವಲ್ಪ ಹೊಂದಿಸಿಕೊಳ್ಳುವ ತಾಳ್ಮೆ ಬೇಕು. ಟ್ರ್ಯಾಕ್‌ಐಆರ್ ಎಂಬುದು ಇನ್‌ಫ್ರಾರೆಡ್ ಬಳಸುವ ದುಬಾರಿ ಸಾಧನ, ಅದು ಹೆಚ್ಚು ಸ್ಥಿರ. ವಿಆರ್ ಕನ್ನಡಕದಲ್ಲಿ ಸಿಗುವ ಆಳದ ಅನುಭವಕ್ಕೆ ಸಾಟಿಯಿಲ್ಲ. ಆದರೆ ಅದಕ್ಕೆ ಬಲಶಾಲಿ ಗ್ರಾಫಿಕ್ಸ್ ಕಾರ್ಡ್ ಬೇಕು, ಹಲವರಿಗೆ ತಲೆಸುತ್ತು, ವಾಕರಿಕೆ ಬರುತ್ತವೆ. ನಿಮ್ಮ ಮೊತ್ತದಲ್ಲಿ ಅದರ ಯೋಚನೆ ಬೇಡ. ಮುಂದೆಂದಾದರೂ ಕೊಂಡರೆ, ಮೊದಲ ವಾಕರಿಕೆ ಬಂದ ಕ್ಷಣವೇ ತೆಗೆದಿಡಿ. ಸಹಿಸಿಕೊಂಡು ಮುಂದುವರಿದರೆ ದೇಹ ಒಗ್ಗುವ ಬದಲು ಇನ್ನಷ್ಟು ಹೆದರುತ್ತದೆ.

ಮಿಗ್-21 ಆರಂಭಕ್ಕೆ ಕಠಿಣ ವಿಮಾನ. ಡಿಸಿಎಸ್ ಜೊತೆ ಉಚಿತವಾಗಿ ಬರುವ ಸು-25ಟಿ ನಿಧಾನವಾಗಿ ಇಳಿಯುತ್ತದೆ, ತಪ್ಪುಗಳನ್ನು ಹೆಚ್ಚು ಸಹಿಸುತ್ತದೆ. ಹಲಗೆ ಸಿದ್ಧವಾದ ಮೇಲೆ ಒಂದು ವಾರ ಅದರಲ್ಲಿ ಬರೀ ಇಳಿಯುವುದನ್ನೇ ಅಭ್ಯಾಸ ಮಾಡಿ. ನಂತರ ಮಿಗ್-21ಕ್ಕೆ ಮರಳಿ, 2,000 ಮೀಟರ್ ಎತ್ತರದಲ್ಲಿ ಗಂಟೆಗೆ 600 ಕಿ.ಮೀ. ವೇಗ ಹಿಡಿದು, ಕೋಲಿನಿಂದ ಕೈ ತೆಗೆದರೂ ಮೂಗು ಏರದೆ ಇಳಿಯದೆ ಇರುವವರೆಗೆ ಟ್ರಿಮ್ ಮಾಡಿ. ಬಳಿಕ ವೇಗವನ್ನು 50 ಕಿ.ಮೀ. ತಗ್ಗಿಸಿ ಮತ್ತೆ ಟ್ರಿಮ್ ಮಾಡಿ. ಹೀಗೆ ಚಕ್ರ, ಫ್ಲ್ಯಾಪ್ ಇಳಿಸಿ ರನ್‌ವೇಗೆ ಬರುವ ವೇಗದವರೆಗೂ ಹಂತಹಂತವಾಗಿ ಇಳಿಯಿರಿ, ಕೋಲನ್ನು ಹೆಬ್ಬೆರಳು ಮತ್ತು ಎರಡೇ ಬೆರಳುಗಳಲ್ಲಿ ಹಿಡಿದು. ಈ ಅಭ್ಯಾಸದಲ್ಲೂ ಮೂಗು ತೂಗಾಡಿದರೆ ಚೌಕದೊಳಗಿನ ಗುರುತನ್ನು ಗಮನಿಸಿ. ನಿಮ್ಮ ಕೈ ಅಲುಗದಾಗಲೂ ಗುರುತು ಅಲುಗುತ್ತಿದ್ದರೆ ಕೋಲನ್ನು ಬದಲಿಸುವ ಸಮಯ ಬಂದಿದೆ; ಗುರುತು ಸ್ಥಿರವಾಗಿದ್ದೂ ತೂಗಾಟ ಉಳಿದರೆ ಟಿವಿಯ ವಿಳಂಬವನ್ನು ಮತ್ತೊಮ್ಮೆ ನೋಡಿ, ಒಂದು ದಿನದ ಮಟ್ಟಿಗೆ ಯಾರಾದರೂ ಪರಿಚಯಸ್ಥರಿಂದ ಕಂಪ್ಯೂಟರ್ ಮಾನಿಟರ್ ತಂದು ಹೋಲಿಸಿ.